ನಗದ ಹಂದಿತಲೆ

ಗುನ್‌ಸಾನ್ ಊರಲ್ಲಿ ಬೊಂಗ್‌ಸುನಜ್ಜಿಯಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿರಲಿಲ್ಲ. ಮೂಲಂಗಿ ಕೊಳ್ಳುವಾಗ ಉಗುರಲ್ಲಿ ಚುಚ್ಚಿ ನೋಡುವಳು. ರೇಡಿಯೋದವರು ಬಿಸಿಲು ಎಂದರೆ ಕೊಡೆ ಹಿಡಿದು ಹೊರಡುವಳು. ಆದರೆ ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಬೇಸ್‌ಬಾಲ್ ಮೈದಾನದ ಮೂರನೆಯ ಗೇಟಿನ ಎದುರು ಹಂದಿಸಾರು-ಅನ್ನದ ಅಂಗಡಿ ಇಟ್ಟ ಮೇಲೆ ಊರಿನ ತಂಡವೇ ಅವಳಿಗೆ ಕಲಿಸಿದ್ದು.

1986ರಲ್ಲಿ ಪ್ಲೈವುಡ್ ಕಂಪನಿಯೊಂದು ತಂಡ ಕಟ್ಟಿ ಹ್ಯಾಮರ್ಸ್ ಎಂದು ಹೆಸರಿಟ್ಟಿತು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ನಿಮ್ಮದೇ ಎಂದು ಭಾಷಣ ಬಿಗಿದರು. ಆರು ವರ್ಷಕ್ಕೆ ಕಂಪನಿ ಮುಳುಗಿತು. ತಂಡ ಸಾರಾಯಿ ಕಂಪನಿಯ ಪಾಲಾಗಿ ಕ್ರೇನ್ಸ್ ಆಯಿತು. ಬೊಂಗ್‌ಸುನ್‌ಗೆ ಅದು ಗೊತ್ತಾದದ್ದು ಮೂರು ದಿನ ತಡವಾಗಿ, ಮೀನು ಸುತ್ತಿ ತಂದ ಪತ್ರಿಕೆಯಿಂದ. ಆ ಸುದ್ದಿ ಅಚ್ಚಾದ ದಿನವೇ ತಂಡದ ಮ್ಯಾನೇಜರ್ ಪ್ಯೊ ಗಿತೆಕ್ ಅವಳ ಅಂಗಡಿಯಲ್ಲಿ ಕೂತು, ಮಾರಾಟದ ಮಾತೆಲ್ಲ ಸುಳ್ಳು ಎಂದು ಎರಡು ಬಟ್ಟಲು ಸಾರು ಕುಡಿದು ಹೋಗಿದ್ದ. ಐದು ವರ್ಷ ಕಳೆದು ಟೆಲಿಫೋನ್ ಕಂಪನಿ ಬಂತು, ಹೆಸರು ರಾಕೆಟ್ಸ್ ಆಯಿತು. ಆಗಲೂ ಪ್ಯೊ ಹಾಗೇ ಆಣೆ ಹಾಕಿದ್ದ.

ಅಂಗಿ, ಟೋಪಿ, ಹಾಡು ಎಲ್ಲ ಎರಡು ಸಲ ಬದಲಾದವು. ಬದಲಾಗದೆ ಉಳಿದವು ಎರಡೇ, ಮೈದಾನ ಮತ್ತು ಬೊಂಗ್‌ಸುನಜ್ಜಿಯ ಹಂದಿತಲೆ. ಪ್ರತಿ ಮಾರ್ಚಿನಲ್ಲಿ, ಆಟದ ಋತು ಶುರುವಾಗುವ ಮುಂಚೆ, ಮೈದಾನದ ನಡುವೆ ಗೊಸಾ ಪೂಜೆ. ಮೇಜಿನ ಮೇಲೆ ಕೆಂಪು ಕಾಳಿನ ಅಕ್ಕಿ ಕಡುಬು, ಅಕ್ಕಿಯ ಮದ್ಯ, ನಡುವೆ ಬೇಯಿಸಿದ ಹಂದಿತಲೆ. ಆಟಗಾರರು ಒಬ್ಬೊಬ್ಬರೇ ಅದರ ಬಾಯಿಗೆ ನೋಟು ಸಿಕ್ಕಿಸಿ, ಮೂಳೆ ಮುರಿಯದಿರಲಿ ಎಂದು ಅಡ್ಡಬೀಳುತ್ತಾರೆ. ತಲೆ ನಗುತ್ತಿರಬೇಕು. ನಕ್ಕರೆ ವರ್ಷವೆಲ್ಲ ಒಳ್ಳೆಯದು.

2000ದ ಚಳಿಗಾಲದಲ್ಲಿ, ತಂಡ ಚೊನಾನ್ ಊರಿಗೆ ಹೋಗುತ್ತದೆಂಬ ಗಾಳಿಮಾತು ಎದ್ದಿತು. ಒಡೆಯರು ಬದಲಾದರೆ ಹೋಗಲಿ, ತಂಡವೇ ಎದ್ದು ಹೋದರೆ? ಊರು ಕುದಿಯತೊಡಗಿದಾಗ ಪ್ಯೊ ಸೇಬಿನ ಬುಟ್ಟಿ ಹಿಡಿದು ಅಂಗಡಿಗೆ ಬಂದ.

"ಅಜ್ಜಿ, ಮಾರ್ಚ್ ಹನ್ನೆರಡನೇ ತಾರೀಕು ಗೊಸಾ. ದೊಡ್ಡ ತಲೆ ಬೇಕು. ನಾಲ್ಕು ಜನಕ್ಕೆ ಹೇಳಿ, ಎಲ್ರೂ ಬರ್ಲಿ."

"ಇಷ್ಟು ವರ್ಷ ಫೋನಲ್ಲೇ ಹೇಳ್ತಿದ್ರಿ. ಈಗ ಬುಟ್ಟಿ ಹೊತ್ಕೊಂಡು ಬಂದಿದೀರಲ್ಲ, ಯಾರ ಮೂಗಿಗೆ ತುಪ್ಪ ಸವರೋಕೆ?"

"ಪ್ರೀತಿಗೆ ತಂದ್ರೂ ತಪ್ಪಾ?"

"ಚೊನಾನ್‌ಗೆ ಹೋಗ್ತೀರಂತೆ?"

"ಹೋಗೋರು ಇಲ್ಲಿ ಗೊಸಾ ಮಾಡ್ತಾರಾ, ನೀವೇ ಹೇಳಿ!"

ಮಾತು ಸರಿಯಾಗಿತ್ತು. ಅಷ್ಟು ಸರಿಯಾಗಿದ್ದದ್ದೇ ಅವಳಿಗೆ ಹಿಡಿಸಲಿಲ್ಲ. ಆದರೆ ಊರು ನಂಬಿತು. "ಬೊಂಗ್‌ಸುನಜ್ಜಿ ತಲೆ ಬೇಯಿಸ್ತಾಳಂತೆ. ಅಂಥ ಅನುಮಾನದೋಳೇ ಒಪ್ಪಿದ ಮೇಲೆ ಇನ್ನೇನು?" ಎಂದು ಇಡೀ ಋತುವಿನ ಟಿಕೆಟ್ಟಿಗೆ ಸಾಲು ನಿಂತರು. ಇದು ಸುಳ್ಳಾದರೆ, ಆ ಸುಳ್ಳನ್ನು ಬೊಂಗ್‌ಸುನಜ್ಜಿಯ ಕೈಯಿಂದಲೇ ಊರಿಗೆ ಬಡಿಸಿದಂತಾಗುತ್ತಿತ್ತು.

ಹತ್ತನೇ ತಾರೀಕು ಕಸಾಯಿಖಾನೆಗೆ ಹೋದಳು. ಅಲ್ಲಿಯ ಮಾ ಚಿಲ್‌ಬೊಂಗ್ ಪ್ರತಿವರ್ಷ ಒಳ್ಳೆಯ ತಲೆ ಎತ್ತಿಡುತ್ತಿದ್ದ. ಕೊಕ್ಕೆಯಲ್ಲಿ ಒಂದು ತಲೆ ಕಣ್ಣು ಮುಚ್ಚಿ ಸೊಗಸಾಗಿ ನಗುತ್ತಿತ್ತು, ಕಿವಿಗೆ ಕೆಂಪು ದಾರ.

"ಅದನ್ನ ಇಳಿಸು."

"ಅದು ಬೇಡ ಅಕ್ಕ, ಬೇರೆ ಕಡೆಗೆ ಹೇಳಿಟ್ಟಿದ್ದು."

"ಯಾರಿಗೆ?"

"ನಿಮ್ಮೋರಿಗೇ! ಹನ್ನೆರಡಕ್ಕೆ ಬೆಳಗ್ಗೆ ಚೊನಾನ್‌ಗೆ ಕಳಿಸ್ಬೇಕು ಅಂದ್ರು ಪ್ಯೊ ಸಾಹೇಬ್ರು. ಅಲ್ಲೂ ಗೊಸಾ ಅಂತೆ, ಆಟಗಾರರೆಲ್ಲ ಅಲ್ಲೇ ಇರ್ತಾರಂತೆ. ಒಂದ್ಸಲ ನೀವು ಬೇರೆ ಕಡೆಯಿಂದ ತಲೆ ತಂದಾಗ ತಂಡ ಕೊನೇ ಸ್ಥಾನಕ್ಕೆ ಬಿತ್ತಲ್ಲ, ಅವತ್ತಿಂದ ನನ್ನ ತಲೆನೇ ಆಗ್ಬೇಕು ಅವ್ರಿಗೆ. ನಿಮಗೆ ಹೇಳಿಲ್ವಾ?"

ಊರಿಗೆಲ್ಲ ಗುಟ್ಟು ಬಿಡದಿದ್ದ ಪ್ಯೊ, ಅದೃಷ್ಟದ ಆಸೆಗೆ ಇಲ್ಲಿ ಸಿಕ್ಕಿಬಿದ್ದಿದ್ದ. ತನ್ನ ಅನುಮಾನ ಒಂದು ಸಲವಾದರೂ ಸುಳ್ಳಾಗಲಿ ಎಂದು ಬೊಂಗ್‌ಸುನ್ ಹಗಲಿರುಳು ಬೇಡಿಕೊಂಡಿದ್ದಳು. ಈಗ ಮಿಕ್ಕಿದ್ದ ತಲೆಯನ್ನೇ ತೆಗೆದುಕೊಂಡಳು. ಹಲ್ಲುನೋವು ಬಂದವರಂತೆ ಅದರ ತುಟಿ ಜೋತುಬಿದ್ದಿತ್ತು. ಬೇಯಿಸುವಾಗ ಬಾಯಿಗೆ ಬಿದಿರುಕಡ್ಡಿ ಇಟ್ಟಿದ್ದರೆ ನಗಿಸಬಹುದಿತ್ತು. ಇಡಲಿಲ್ಲ.

ಹನ್ನೆರಡರಂದು ಮೈದಾನದಲ್ಲಿ ಮುನ್ನೂರು ಜನ ಸೇರಿದ್ದರು. ಆಟಗಾರ ಒಬ್ಬನೂ ಇಲ್ಲ. ತರಬೇತಿಯಿಂದ ಬರುವ ಬಸ್ಸು ತಡ ಎಂದ ಪ್ಯೊ. ತಲೆ ನೋಡಿ ಅವನ ಮುಖ ಸಪ್ಪಗಾಯಿತು.

"ಇದ್ಯಾಕಜ್ಜಿ ನಗ್ತಿಲ್ಲ?"

"ಅದನ್ನೇ ಕೇಳಿ."

ಪೂಜೆಯ ಹಿರಿಯ ಮಂಡಿಯೂರಿ, ದಿನ, ಊರು, ತಂಡ ಹೆಸರಿಸಿ ಪ್ರಾರ್ಥನೆ ಓದಬೇಕು. ಅಂದು ಆ ಕೆಲಸ ಪ್ಯೊನದು. ಅವನು ಮಂಡಿಯೂರಿ ಕಾಗದ ಬಿಚ್ಚಿದ. ಜನರ ಮುಂದೆ ನೂರು ಸುಳ್ಳು ಹೇಳಿದ್ದ ಗಂಡಸು ಅವನು. ಆದರೆ ತಂಡ ಗೆಲ್ಲುತ್ತಿರುವಷ್ಟು ದಿನ ಒಗೆಯದ ಕಾಲುಚೀಲವನ್ನೇ ಹಾಕಿಕೊಂಡು ತಿರುಗುವ ಪ್ರಾಣಿ. ಗೊಸಾದ ಮೇಜಿನ ಮುಂದೆ ಸುಳ್ಳು ಹೇಳುವ ಎದೆ ಅವನಿಗಿರಲಿಲ್ಲ. ವರ್ಷ ಓದಿದ, ತಿಂಗಳು ಓದಿದ, ದಿನ ಓದಿದ. ಊರಿನ ಹೆಸರು ಬಂದಲ್ಲಿ ನಿಂತ.

"ಊರು ಹೇಳಿ ಸಾಹೇಬ್ರೇ," ಎಂದಳು ಬೊಂಗ್‌ಸುನ್.

"ಸುಮ್ನಿರಿ ಅಜ್ಜಿ."

"ನಾನು ಸುಮ್ನಿರ್ತೀನಿ. ಅದು ಕೇಳಿಸ್ಕೊಳ್ತಿದೆ."

ಪ್ಯೊ ತಲೆಯತ್ತ ನೋಡಿದ. ಮತ್ತೆ ಕಾಗದ ನೋಡಿದ. ಅದನ್ನು ಮಡಿಸಿ ಜೇಬಿಗಿಟ್ಟು ಹಣೆಯನ್ನು ನೆಲಕ್ಕೆ ಹಚ್ಚಿದ, ಬಹಳ ಹೊತ್ತು ಏಳಲಿಲ್ಲ. ಯಾರೂ ಬೈಯಲಿಲ್ಲ. ಹ್ಯಾಮರ್ಸ್ ಕಾಲದ ಟೋಪಿ ಹಾಕಿದ್ದ ಮುದುಕನೊಬ್ಬ ಅದನ್ನು ತೆಗೆದು ಎದೆಗೆ ಹಿಡಿದುಕೊಂಡ.

ಪೂಜೆ ಮುಗಿದ ಮೇಲೆ ತಲೆಯನ್ನು ಎಲ್ಲರಿಗೂ ಹಂಚಬೇಕು, ಅದು ಪದ್ಧತಿ. ಬೊಂಗ್‌ಸುನ್ ಚಾಕು ಹಿಡಿದು ಮುನ್ನೂರು ಜನಕ್ಕೂ ಚೂರು ಚೂರು ಕೊಟ್ಟಳು. ಕೊನೆಗೆ ಒಂದು ಕಿವಿಯನ್ನು ಕಾಗದದಲ್ಲಿ ಸುತ್ತಿ ಪ್ಯೊನ ಕೈಗಿಟ್ಟಳು.

"ದಾರಿಲಿ ತಿನ್ನಿ. ಅಲ್ಲಿಗೆ ಹೋಗಿರೋ ತಲೆ ನಾನು ನೋಡಿದೀನಿ, ಚೆನ್ನಾಗಿ ನಗ್ತಿದೆ. ಅದರ ಮುಂದೆ ಊರಿನ ಹೆಸರು ತಡವರಿಸದೆ ಓದಿ."