ಅಂಟಿಕೊಂಡಿದ್ದ ಮಗ್ಗಲು

ಅಂಗಡಿಯ ಅಕ್ಕಿ ಈಗ ಯಂತ್ರದಲ್ಲೇ ಹಸನಾಗಿ ಬರುತ್ತದೆ. ಆದರೂ ಬೆಳಿಗ್ಗೆ ಮೊರ ಹಿಡಿದು ಕಲ್ಲು ಹುಡುಕದೆ ಒಲೆ ಹೊತ್ತಿಸಲು ನನಗೆ ಮನಸ್ಸಾಗದು. ಎಂ.ಸಿ.ಸಿ. ಬಡಾವಣೆಯ ನಮ್ಮ ಸಾಲಿಗೆಲ್ಲ ಇದೊಂದು ವಿನೋದ. ಕಲ್ಲು ಸಿಗದ ದಿನ ಕೊಂಚ ನಿರಾಸೆಯೂ ಆಗುತ್ತದೆಂಬುದನ್ನು ನಿಮಗಷ್ಟೇ ಹೇಳುತ್ತಿದ್ದೇನೆ.

ಹರಿಹರದ ನಮ್ಮಣ್ಣ ಕಲಿತದ್ದೂ ಕಲ್ಲು ಹೆಕ್ಕುವುದನ್ನೇ. ಅವನಿಗೆ ಮಾತ್ರ ಅದಕ್ಕೆ ಪದವಿ ಕೊಟ್ಟು, ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರನ್ನಾಗಿ ಮಾಡಿದರು. ನಿವೃತ್ತಿಯ ಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದು ಮೂತ್ರಪಿಂಡಕ್ಕಿಳಿಯಿತು. ಡಯಾಲಿಸಿಸ್ ಸಾಕೆಂದು ಅವನೇ ನಿಲ್ಲಿಸಿದ. ಇನ್ನು ಬೆರಳೆಣಿಕೆಯ ದಿನಗಳೆಂದು ಎಲ್ಲರಿಗೂ ಗೊತ್ತಿತ್ತು. ಉಳಿದಿದ್ದ ಕೊರಗು ಒಂದೇ: ಕಾರವಾರದ ಮರಳಿನಿಂದ ಹೆಕ್ಕಿ ತಂದು ಕರಿ ರಟ್ಟಿಗೆ ಅಂಟಿಸಿಟ್ಟ, ಸಾಸಿವೆಗಿಂತ ಸಣ್ಣದೊಂದು ಬಿಳಿ ಚಿಪ್ಪು. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿ ತನಗಾಗಿ ಕಟ್ಟಿಕೊಂಡ ಮನೆಯಂತೆ ಅದು. ಪಿಂಗಾಣಿ ಹೊಳಪಿನ ಮಿಲಿಯೊಲಿಡೇ ಕುಟುಂಬ. ಹೊರಗೆ ಮೂರು ಕೋಣೆ ಕಂಡರೆ ಒಂದು ಹೆಸರು, ಐದು ಕಂಡರೆ ಇನ್ನೊಂದು. ಅಣ್ಣ ಮೂರೇ ಕಂಡು ಹೆಸರು ಬರೆದು, ವರ್ಷಗಟ್ಟಲೆ ಅದನ್ನೇ ತೋರಿಸಿ ಪಾಠ ಹೇಳಿದ್ದ. ರಟ್ಟಿಗೆ ಅಂಟಿಕೊಂಡಿದ್ದ ಮಗ್ಗಲನ್ನು ನೋಡಿರಲೇ ಇಲ್ಲ. ನಾನು ನೋಡಲು ಹೋದ ದಿನ ಆ ರಟ್ಟನ್ನು ನನ್ನ ಕೈಗಿತ್ತ.

“ಲೇ ಗಿರಿಜಿ, ಅಕ್ಕಿ ಆರ್ಸೋ ಕಣ್ಣು ನಿಂದು. ತಿರುವಿ ಹಾಕಿ ನೋಡು. ಒಡದ್ರೂ ಹೇಳು. ಸಮಾಧಾನಕ್ಕಂತ ಸುಳ್ಳು ಬ್ಯಾಡ.”

“ನನ್ನ ಕಣ್ಣೂ ಮಬ್ಬಾಗೈತಣ್ಣಾ.”

“ನಂದಕ್ಕಿಂತ ಕಮ್ಮಿ ಐತಲ್ಲ, ನಡಿ.”

ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು, ಅವನ ಹಳೆಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಒದ್ದೆ ಕುಂಚದ ತುದಿಯಿಂದ ಅಂಟು ನೆನೆಸಿದೆ. ಚಿಪ್ಪು ಒಡೆಯದೆ ಮಗುಚಿತು. ಆ ಕಡೆ ನಾಲ್ಕು ಕೋಣೆ. ಅಂಚಿನವೆರಡು ಎರಡೂ ಕಡೆಗೆ ಕಾಣುವಂಥವು; ಅವನ್ನು ಒಂದೇ ಸಲ ಎಣಿಸಿದರೆ ಒಟ್ಟು ಐದು.

“ಐದು ಅದಾವಣ್ಣಾ.”

ಅಣ್ಣ ಕೈಚಾಚಿ ರಟ್ಟಿನ ಅಂಚು ತಡವಿದ.

“ಕುಟುಂಬ ಅದೇ ಬಿಡು. ಹೆಸರು ತಿದ್ದು,” ಎಂದ. ಆಮೇಲೆ, ಗೋಡೆಯ ಕಡೆ ಹೊರಳಿ, “ಅವ್ವನೂ ಹಿಂಗೇ. ಯಾರು ಕೇಳಿದ್ರೂ ಮೂರೇ ಮಕ್ಳು ಅಂತಿದ್ಲು. ಆ ಎರಡನ್ನೂ ಮಣ್ಣು ಮಾಡಾಕ ಅಪ್ಪನ ಜೊತಿ ಹೋದಾಂವ ನಾನು.”

ನಮ್ಮಿಬ್ಬರ ನಡುವೆ ಹುಟ್ಟಿ, ಹೆಸರಿಡುವ ಮೊದಲೇ ಹೋದ ಕೂಸುಗಳ ಮಾತನ್ನು ಅವನು ಎತ್ತಿದ್ದು ಅದೇ ಮೊದಲು.

ಆ ವಾರವೇ ಅಣ್ಣ ತೀರಿಕೊಂಡ. ಮಾತಾಡಿಸಲು ಬಂದ ನೆರೆಯಾಕೆ, “ನೀವು ಒಡಹುಟ್ಟಿದವ್ರು ಎಷ್ಟು ಮಂದಿರಿ ಅಕ್ಕಾರೆ?” ಎಂದಾಗ ಐದು ಎಂದೆ. ಪಕ್ಕದಲ್ಲಿದ್ದ ತಮ್ಮ ನನ್ನ ಮುಖ ನೋಡಿದ; ತಿದ್ದಲಿಲ್ಲ.

ಇವತ್ತು ಮೊರದಲ್ಲಿ ಬಿಳಿಯದೊಂದು ಕಲ್ಲು ಸಿಕ್ಕಿತು. ಎಸೆಯುವ ಮುನ್ನ ಉಗುರಿನಿಂದ ತಿರುವಿ ನೋಡಿದೆ. ಆ ಮಗ್ಗಲೂ ಕಲ್ಲೇ.