ಸಂದಿಯಲ್ಲಿ ಕಾಣೆಯಾದ ತೇವ

ಅವಳ ಮುತ್ತಾತ ಬಾವಿಗೆ ಕಲ್ಲು ಕಟ್ಟಿದವನು. ಗಾರೆಯಿಲ್ಲದೆ ಕೂರಿಸಿದ ಕಲ್ಲುಗಳ ನಡುವೆ ಚಾಕುವಿನ ಮೊನೆಯೂ ತೂರುತ್ತಿರಲಿಲ್ಲ. ತಾತ ಸೇತುವೆಯ ಕಮಾನು ಎತ್ತಿ, ಆಧಾರದ ಮರ ಕಳಚುವ ಹೊತ್ತಿಗೆ ಅದರ ಕೆಳಗೇ ಕೂತು ಬುತ್ತಿ ಬಿಚ್ಚಿ ಉಂಡ ಗಟ್ಟಿಗ. ಅಪ್ಪ ಗಿಲಾವಿನ ಮೇಸ್ತ್ರಿ. ಸಂದಿಯ ಮೇಲೆ ಹೆಬ್ಬೆರಳು ಎಳೆದು, ಎಲ್ಲಾದರೂ ತಡೆದರೆ ಮುಲಾಜಿಲ್ಲದೆ ಕೆತ್ತಿಸುತ್ತಿದ್ದ.

ಇಂಥ ಮನೆತನದ ಮಗಳು ಕರಣೆ ಬಿಟ್ಟು ಗಣಿತ ಹಿಡಿದಳು. ಕೂತಲ್ಲಿ ಕೂರುವ ಜೀವವಲ್ಲ. ಕಚೇರಿಯಲ್ಲಿ ಅವಳಿಗೆ ಚಡಪಡಿ ಎಂದೇ ಹೆಸರು.

ಔಷಧಿ ಇಡುವ ಶೀತಗೃಹದ ಗೋಡೆ ಅವಳ ಲೆಕ್ಕಕ್ಕಾಗಿ ಕಾದಿತ್ತು. ಒಳಗೊಂದು ಪದರ, ಹೊರಗೆ ಬೇರೆ ಸಾಮಗ್ರಿಯದೊಂದು. ಒಳಪದರ ಎಷ್ಟು ದಪ್ಪವಿರಬೇಕೆಂದು ಅವಳು ಹೇಳಬೇಕು. ತಪ್ಪಿದರೆ ತೇವ ನುಗ್ಗಿ ಔಷಧಿಯೆಲ್ಲ ಮಣ್ಣುಪಾಲು. ಒಬ್ಬಳೇ ಹೊತ್ತ ಮೊದಲ ಹೊಣೆ ಅದು. ಬೆಳಗಾದರೆ ಒಳಪದರದ ಮಿಶ್ರಣವನ್ನು ಅಚ್ಚಿಗೆ ಸುರಿಯುವ ಕೆಲಸ.

ಗೋಡೆಯನ್ನು ಬಿಂದುಗಳಾಗಿ ಒಡೆದು ನೋಡುವ ಮಾಮೂಲಿ ಲೆಕ್ಕದಲ್ಲಿ ತೇವ ಪಕ್ಕದ ಬಿಂದುವಿಗಷ್ಟೇ ದಾಟುತ್ತದೆ. ಈ ಒಳಪದರ ಅಂಥ ಸಾಧುವಲ್ಲ. ಕೂದಲೆಳೆಯಂಥ ಉದ್ದುದ್ದ ರಂಧ್ರಗಳಲ್ಲಿ ತೇವ ನೆರೆಮನೆ ಬಿಟ್ಟು ದೂರದ ಮನೆಗೇ ಹಾರುತ್ತದೆ. ಅದಕ್ಕೇ ಅವಳ ಸಮೀಕರಣದಲ್ಲಿ ಪ್ರತಿ ಬಿಂದುವಿಗೂ ತನ್ನ ಕೈಗೆಟಕುವ ಎಲ್ಲ ಬಿಂದುಗಳೊಡನೆ ಕೊಡುಕೊಳ್ಳುವ ವ್ಯವಹಾರ.

ಮಧ್ಯಾಹ್ನ ಪರೀಕ್ಷೆಗೆಂದು, ಎಲ್ಲ ಕಡೆಯೂ ಮುಚ್ಚಿದ ಗೋಡೆಗೆ ತೇವ ತುಂಬಿಸಿದಂತೆ ಲೆಕ್ಕ ಕಟ್ಟಿ ಕಂಪ್ಯೂಟರಿಗೆ ಕೊಟ್ಟಳು. ಹೊರಹೋಗಲು ದಾರಿಯೇ ಇಲ್ಲದ ತೇವ ಕಮ್ಮಿಯಾಗುತ್ತಾ ಬಂತು. ಎದ್ದು ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಊಟವಾಯಿತೇ ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಕ್ಕೆ ಹೂಂ ಎಂದಳು. ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ.

ತಪ್ಪು ಸಿಕ್ಕಿದ್ದು ಎರಡು ಪದರ ಕೂಡುವ ಸಂದಿಯಲ್ಲಿ. ಸಂದಿ ಎಂದರೆ ಒಂದು ಗೆರೆ ಎಂಬುದು ಅವಳ ಮನೆತನದಲ್ಲಿ ರಕ್ತಕ್ಕಿಳಿದ ಪಾಠ. ಗೆರೆಯ ಆಚೆಗೆ ಆಚೆಯ ನಿಯಮ, ಈಚೆಗೆ ಈಚೆಯದು ಎಂದು ಕಣ್ಣು ಮುಚ್ಚಿ ಬರೆದುಬಿಟ್ಟಿದ್ದಳು. ಒಳಪದರದ ಬಿಂದುವಿನ ಕೈ ಉದ್ದ, ಹೊರಪದರದ್ದು ಮೋಟು. ಒಳಗಿನದು ದೂರಕ್ಕೆ ಚಾಚಿ ಕೊಟ್ಟದ್ದನ್ನು ಹೊರಗಿನದು ಪಡೆದೇ ಇರಲಿಲ್ಲ. ಆ ಉದ್ದನೆಯ ಕೈ ಎಟಕುವಷ್ಟು ಅಗಲದ ಪಟ್ಟಿಯೇ ಇಲ್ಲಿ ಸಂದಿ. ಅದನ್ನು ದಾಟುವ ಪ್ರತಿ ಜೋಡಿಗೂ ಇಬ್ಬರೂ ಒಪ್ಪುವ ಒಂದೇ ನಿಯಮ ಬೇಕು. ಅದು ಯಾವುದು? ಹೊಳೆಯಲಿಲ್ಲ.

ನಾಳೆ ಸುರಿಯಬೇಡಿ ಎಂದು ಶೀತಗೃಹ ಕಟ್ಟುತ್ತಿದ್ದ ಮೇಸ್ತ್ರಿಗೆ ತಾನೇ ಫೋನ್ ಮಾಡಿದಳು. ಆಳುಗಳನ್ನೆಲ್ಲ ಕರೆಸಿಯಾಗಿದೆ ಎಂದು ಅವನು ಬಾಯಿಗೆ ಬಂದಂತೆ ಅಂದ. ನುಂಗಿಕೊಂಡು, ಕೊಠಡಿಯ ಉದ್ದಗಲ ತುಳಿಯತೊಡಗಿದಳು.

ಸುದ್ದಿ ಕೇಳಿ ಹಿರಿಯ ಅಧಿಕಾರಿ ಒಳಗೆ ಬಂದು ಅವಳ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡರು. ಒಳ್ಳೆಯ ಮನುಷ್ಯ. ಇಂಥದ್ದು ಎಷ್ಟೋ ನೋಡಿದ್ದೇನೆ ಎಂದರು.

"ಎಷ್ಟು ಕಮ್ಮಿ ಬೀಳುತ್ತೋ ಅಷ್ಟಕ್ಕೆ ಒಂದು ಗುಣಕ ಹಾಕಿ ಸರಿದೂಗಿಸಿದ್ರಾಯ್ತು. ಇತ್ಲಾಗೆ ಕೊಡಮ್ಮ, ಸಂಜೆ ಒಳಗೆ ಮುಗಿಸ್ತೀನಿ. ನಿನ್ನ ಹೆಸರೇ ಇರಲಿ."

ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ.

"ಬೇಡ ಸಾರ್. ಗುಣಕ ಹಾಕಿದ್ರೆ ಮೊತ್ತ ಸರಿಹೋಗುತ್ತೆ, ತೇವ ಎಲ್ಲಿ ಕೂತಿದೆ ಅಂತ ಗೊತ್ತಾಗಲ್ಲ. ಗಂಟು ಹಾಕಿದ್ದು ನಾನು, ಬಿಡಿಸೋದೂ ನಾನೇ. ನೀವು ಕುರ್ಚಿ ಸ್ವಲ್ಪ ಆ ಕಡೆ ಎಳ್ಕೊಳ್ಳಿ, ನಂಗೆ ಓಡಾಡೋಕೆ ಜಾಗ ಸಾಲ್ತಿಲ್ಲ."