ಒದ್ದೆ ಹಿಟ್ಟಿನ ತೂಕ

ನಾವು ಚಿಕ್ಕವರಿದ್ದಾಗ ಗುಂಡ್ಲುಪೇಟೆ ಕಡೆ ದೀಪಾವಳಿಯೆಂದರೆ ಪಟಾಕಿಯಲ್ಲ, ಕಜ್ಜಾಯ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಚಳಿಗಾಳಿ ಶುರುವಾದರೆ ಸಾಕು, ಬೀದಿ ತುಂಬ ಬೆಲ್ಲದ ಪಾಕದ ಘಮ. ನಮ್ಮ ಮನೆಯಲ್ಲಿ ಪಾಕ ಹಿಡಿಯುವ ಅಧಿಕಾರ ಅಜ್ಜಿಯದು. ಅವ್ವ ಸೊಸೆಯಾಗಿ ಬಂದು ಹದಿಮೂರು ವರ್ಷವಾಗಿದ್ದರೂ ಬಾಣಲೆ ಮುಟ್ಟುವಂತಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅಜ್ಜಿಗೆ ಕಣ್ಣಿನ ಆಪರೇಷನ್ ಆಯಿತು. ಒಲೆ ಮುಂದೆ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ ಪಾಕ ಮೊದಲ ಸಲ ಅವ್ವನ ಕೈಗೆ ಬಂತು. ಅಜ್ಜಿ ಮಲಗಿದ್ದಲ್ಲಿಂದಲೇ ಎಚ್ಚರಿಸಿದಳು: “ಮೊದಲ್ನೇ ಒಬ್ಬೆ ಸತ್ತೋದ ನಿಮ್ ಮಾವ್ನ ಎಡೆಗೆ. ಒಡ್ಕ ಇಡಂಗಿಲ್ಲ, ನೋಡ್ಕೊ.”

ಅಜ್ಜಿ ಯಾವತ್ತೂ ಅಕ್ಕಿಯನ್ನು ಸೇರಿನಲ್ಲಿ ಅಳೆದು, ಬೆಲ್ಲವನ್ನು ಅಚ್ಚು ಎಣಿಸಿ ಹಾಕುತ್ತಿದ್ದಳು. ಆ ಸಲ ಅಪ್ಪ ತಂದದ್ದು ಪುಡಿ ಬೆಲ್ಲ. ಅಚ್ಚು ಎಲ್ಲಿಂದ ಎಣಿಸುವುದು? ಒಂದು ಕೇಜಿ ಅಕ್ಕಿಗೆ ಮುಕ್ಕಾಲು ಕೇಜಿ ಬೆಲ್ಲವೆಂದು ಅಂಗಡಿಯವರು ಹೇಳಿ ಕಳಿಸಿದ್ದರು. ನೆನೆಸಿ, ನೆರಳಲ್ಲಿ ಆರಿಸಿದ ಅಕ್ಕಿಯನ್ನು ಮಿಲ್ಲಿಗೆ ಹೊತ್ತವಳು ನಾನು. ಇನ್ನೂ ತೇವವಿದ್ದ ಹಿಟ್ಟು ಅಲ್ಲಿನ ತಕ್ಕಡಿಯಲ್ಲಿ ಐದು ಕೇಜಿ ತೂಗಿತು.

“ಮೂರೂ ಮುಕ್ಕಾಲು ಕೇಜಿ ಬೆಲ್ಲ ಹಾಕವ್ವ,” ಎಂದೆ.

“ನಾ ಅಳ್ದಿದ್ದು ನಾಕೇ ಸೇರು ಕಣಮ್ಮಿ. ಸೇರ್ಗೊಂದ್ ಕೇಜಿ ಅಂದ್ರೂ ಮೂರ್ ಕೇಜಿ ಬೆಲ್ಲ ಸಾಕಲ್ವಾ?”

“ತಕ್ಕಡಿ ಸುಳ್ಳು ಯೋಳ್ತದಾ?”

ಅಬ್ಬಾ, ನನ್ನ ಜಂಬವೇ! ಆ ತೂಕದಲ್ಲಿ ನೆನೆಸಿದ ನೀರೂ ಸೇರಿದೆಯೆಂದು ಹೊಳೆಯಲೇ ಇಲ್ಲ. ಓದುವ ಮಗಳ ಮಾತೆಂದು ಅವ್ವ ನಂಬಿದಳು.

ಹಬ್ಬದ ಬೆಳಿಗ್ಗೆ ತಾತನ ಪಟದ ಮುಂದೆ ಎಲೆ ಹಾಕಿ ಎಲ್ಲರೂ ಕಾಯುತ್ತಿದ್ದರು. ಪಾಕದಲ್ಲಿ ಕಲಸಿಟ್ಟ ಹಿಟ್ಟು ಅವ್ವನ ಬೆರಳಿಗೆ ಅಂಟುತ್ತಿತ್ತು. ಬಾಳೆ ಎಲೆಯ ಮೇಲೆ ತಟ್ಟಿ ಮೊದಲ ಕಜ್ಜಾಯ ಎಣ್ಣೆಗೆ ಬಿಟ್ಟಳು. ಒಂದು ಗಳಿಗೆ ಉಬ್ಬಿತು, ಆಮೇಲೆ ನಡುವೆ ಸೀಳಿ ಬಾಣಲೆ ತುಂಬ ಚೂರುಚೂರಾಯಿತು. ಎರಡನೆಯದೂ ಅಷ್ಟೇ. ಮನೆಯಲ್ಲಿದ್ದ ಒಂದು ಹಿಡಿ ಗೋಧಿಹಿಟ್ಟು ಸೇರಿಸಿ ಕಲಸಿದಳು. ಮೂರನೆಯದೂ ಒಡೆಯಿತು. ಆಗ ನನಗೆ ನೀರಿನ ತೂಕ ಹೊಳೆಯಿತು: ಬೆಲ್ಲ ಹೆಚ್ಚಾಗಿದ್ದಕ್ಕೇ ಒಡೆಯುತ್ತಿದೆ.

“ಬೆಲ್ಲ ಸೀದ ವಾಸ್ನೆ ಬತ್ತಾ ಅದೆ!” ಅಜ್ಜಿ ಗೋಡೆ ಹಿಡಿದುಕೊಂಡು ಬಂದು ನಿಂತಳು. “ಒಡ್ದೋಯ್ತಾ? ಏನಮ್ಮಿ ಮಾಡ್ಬುಟ್ಟೆ?”

“ಪಾಕ ಎಳೇದಾಗೋಯ್ತೇನೋ ಕಣತ್ತೆ. ನನ್ಗೆ ಹದ ಗೊತ್ತಾಗ್ನಿಲ್ಲ.”

“ಇದ್ಕೇ ನಿನ್ ಕೈಗೆ ಕೊಡ್ತಿರ್ನಿಲ್ಲ ನಾನು. ಸತ್ತೋರ್ನೂ ಉಪಾಸ ಕೆಡವ್ಬುಟ್ಟೆ.”

ಪಾಕದ ತಪ್ಪಲ್ಲ, ನನ್ನ ಲೆಕ್ಕದ್ದು ಎನ್ನಲು ಬಾಯಿ ತೆರೆದೆ. ಅಜ್ಜಿಯ ಮುಖ ನೋಡಿ ಹಿತ್ತಲಿಗೆ ಓಡಿಬಿಟ್ಟೆ. ಹೇಡಿ ನಾನು. ಆ ವರ್ಷ ತಾತನ ಎಡೆಗೆ ಬರೀ ಅನ್ನ, ಬಾಳೆಹಣ್ಣು.

ಮುಂದಿನ ವರ್ಷದಿಂದ ಪಾಕ ಮತ್ತೆ ಅಜ್ಜಿಯ ಪಾಲಾಯಿತು. ಅಜ್ಜಿ ತೀರಿಹೋದ ಮೇಲೂ ಅವ್ವ ಪಾಕ ಹಿಡಿಯಲಿಲ್ಲ. “ನನ್ ಕೈಗೆ ಅದು ಕೂಡ್ಬರಾಕಿಲ್ಲ, ಬುಡು,” ಎಂದುಬಿಟ್ಟಳು. ಈಗ ನಮ್ಮ ಮನೆಯ ಎಡೆಗೆ ಕಜ್ಜಾಯ ಪೇಟೆಯ ಬೇಕರಿಯಿಂದ ಬರುತ್ತದೆ. ಬೀದಿಯಲ್ಲಿ ಪಾಕದ ಘಮವೂ ಇಲ್ಲ.

ಹೋದ ದೀಪಾವಳಿಗೆ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವ್ವ ಬೈಯಲಿಲ್ಲ. ವಾತಕ್ಕೆ ಸೊಟ್ಟಗಾದ ತನ್ನ ಬೆರಳುಗಳನ್ನು ಬಹಳ ಹೊತ್ತು ನೋಡಿಕೊಂಡಳು.

“ಅಂಗಾರೆ ನನ್ ಕೈ ಸರ್ಯಾಗೇ ಇತ್ತೇನಮ್ಮಿ?” ಎಂದಳು.